ಮಧ್ಯಾಹ್ನದ ಆ ನಾಲ್ಕು ತಾಸು

ನನ್ನ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಒಂದು ತಪ್ಪು ವಾಕ್ಯವಿತ್ತು. ಬರೆದವಳು ನಾನು. ಅದು ತಪ್ಪೆಂದು ಹೇಳಿದವರು ನನ್ನ ಸೋದರತ್ತೆ, ನಿವೃತ್ತ ನರ್ಸ್. ಇವೆರಡರ ನಡುವೆ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಬೇಕೆಂದು ಹಿಂದೆ ಎರಡು ಸಲ ಕೂತಿದ್ದೆ. ಎರಡು ಸಲವೂ ಓದಿ ನೋಡಿದಾಗ ನಾನು ಇದ್ದುದಕ್ಕಿಂತ ಸ್ವಲ್ಪ ಒಳ್ಳೆಯವಳಾಗಿ ಕಾಣುತ್ತಿದ್ದೆ. ಹರಿದು ಹಾಕಿದೆ. ಇದು ಮೂರನೆಯ ಸಲ.

ನಮ್ಮದು ಗುಲಬರ್ಗಾ ಕಡೆಯ ಮನೆತನ. ಅಜ್ಜ ಸರ್ಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದವರು ಇಲ್ಲೇ ಉಳಿದರು. ಹಿಮಾಯತ್‌ನಗರದ ಮನೆಯೊಳಗೆ ಕನ್ನಡ, ಗೇಟಿನ ಹೊರಗೆ ತೆಲುಗು, ಆಟೋದವನ ಹತ್ತಿರ ಹಿಂದಿ. ಅತ್ತೆ ಅಪ್ಪನ ತಂಗಿ. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ. ಅಜ್ಜ ಬೇಡವೆಂದರೂ ಕೇಳದೆ ನರ್ಸಿಂಗ್ ಕಲಿತು, ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹಲವು ವರ್ಷ ದುಡಿದು, ಆಮೇಲೆ ಪಶ್ಚಿಮ ಏಷ್ಯಾದ ಒಂದು ದೇಶಕ್ಕೆ ಹೋದರು. ಅಲ್ಲಿ ಆಗ ಯುದ್ಧ ನಡೆಯುತ್ತಿತ್ತು. ಯಾವ ದೇಶವೆಂದು ಬರೆಯುವುದಿಲ್ಲ. ಅದು ಅತ್ತೆಗೆ ಕೊಟ್ಟ ಮಾತು.

ಅತ್ತೆ ನರ್ಸ್ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಂದು ಮದುವೆಯ ಪಂಕ್ತಿಯಲ್ಲಿ ಯಾರೋ ಕೇಳಿದಾಗ ಅಮ್ಮ ಎಂದಿನಂತೆ, "ನಮ್ಮ ನಾದಿನಿ ಮೆಡಿಕಲ್ ಡಿಪಾರ್ಟ್‌ಮೆಂಟ್‌ನಾಗ ಅದಾರ್ರಿ" ಅಂದಳು. ಎದುರು ಸಾಲಿನಲ್ಲಿ ಉಣ್ಣುತ್ತಿದ್ದ ಅತ್ತೆ ತಲೆಯೆತ್ತದೆ, "ಹೌದ್ರಿ, ದೊಡ್ಡ ಹುದ್ದೆ. ಬೆಡ್‌ಪ್ಯಾನ್ ಇಡೂದು ತೆಗಿಯೂದು ಎಲ್ಲಾ ನನ್ನ ಕೈಯಾಗ ಐತಿ" ಅಂದರು. ಬಡಿಸುವವರು ನಕ್ಕರು. ಅಮ್ಮ ನಗಲಿಲ್ಲ.

ನಾನು ಓದುತ್ತಿದ್ದುದು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗದಲ್ಲಿ. ಗಡಿ, ಒಪ್ಪಂದ, ಶಸ್ತ್ರಾಸ್ತ್ರ ತಪಾಸಣೆ ಇಂಥವು ನಮ್ಮ ವಿಷಯ. ಸಂಶೋಧನೆಗೆ ನಾನು ಆರಿಸಿಕೊಂಡದ್ದು ಯುದ್ಧ ನಡೆಯುತ್ತಿದ್ದ ದೇಶಗಳ ಆಸ್ಪತ್ರೆಗಳಲ್ಲಿ ದುಡಿದ ನಮ್ಮ ನರ್ಸ್‌ಗಳನ್ನು. ಮಾರ್ಗದರ್ಶಕರು ಒಳ್ಳೆಯ ಮನುಷ್ಯ. ಅವರು ಮೊದಲ ದಿನವೇ ಹೇಳಿದರು: ಇದು ನಮ್ಮ ವಿಭಾಗದ ವಿಷಯವಲ್ಲ, ಮಹಿಳಾ ಅಧ್ಯಯನದವರದು. ನಾನು ವಾದಿಸಿದೆ. ಯುದ್ಧದಲ್ಲಿ ಯಾವ ಅಸ್ತ್ರ ಬಳಕೆಯಾಯಿತು ಎಂಬುದು ಮೊದಲು ಕಾಣುವುದು ಗಾಯದ ಮೇಲೆ, ಗಾಯವನ್ನು ಮೊದಲು ನೋಡುವವಳು ನರ್ಸ್, ಹಾಗಿದ್ದ ಮೇಲೆ ಅವಳ ತಿಳಿವಳಿಕೆ ನಮ್ಮ ವಿಷಯವೇ ಅಂದೆ. ಅವರು ಬಹಳ ಹೊತ್ತು ಯೋಚಿಸಿ ಒಪ್ಪಿದರು. ಒಂದು ಬದಲಾವಣೆ ಮಾತ್ರ ಮಾಡಿಸಿದರು. ಶೀರ್ಷಿಕೆಯಲ್ಲಿ ನಾನು 'ನರ್ಸ್‌ಗಳ ಪರಿಣತಿ' ಎಂದು ಬರೆದಿದ್ದೆ. ಅದನ್ನು 'ನರ್ಸ್‌ಗಳ ಅನುಭವಗಳು' ಎಂದು ಮಾಡಿಸಿದರು. "ಪರಿಣತಿ ಅಂದರೆ ಪರೀಕ್ಷಕರು ಪ್ರಮಾಣಪತ್ರ ಕೇಳುತ್ತಾರೆ" ಅಂದರು. ನಾನು ತಕ್ಷಣ ಒಪ್ಪಿಕೊಂಡೆ. ಆ 'ತಕ್ಷಣ'ವನ್ನು ಬಿಡದೆ ಬರೆಯುತ್ತಿದ್ದೇನೆ.

ಆಗ ಖರ್ಚಿಗೆಂದು ನಾನು ಬೇಗಂಪೇಟೆಯ ಒಂದು ಆಫೀಸಿನಲ್ಲಿ ಅರ್ಧ ದಿನ ಕೆಲಸ ಮಾಡುತ್ತಿದ್ದೆ. ಊರೆಲ್ಲ ಕಂಪ್ಯೂಟರಿನ ಹಿಂದೆ ಓಡುತ್ತಿದ್ದ ವರ್ಷಗಳು. ಪಶ್ಚಿಮದ ಕಡೆ ಬಂಡೆ ಒಡೆದು ಗಾಜಿನ ಕಟ್ಟಡಗಳು ಏಳುತ್ತಿದ್ದವು. ಇಂಗ್ಲಿಷ್ ಬಲ್ಲವರಿಗೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಎಂಬ ಹೊಸ ಕೆಲಸ ಸಿಗುತ್ತಿತ್ತು. ಅಮೆರಿಕದ ವೈದ್ಯರು ರೋಗಿಗಳ ಬಗ್ಗೆ ಬಾಯಲ್ಲಿ ಹೇಳಿ ಧ್ವನಿಮುದ್ರಿಸಿದ ಟಿಪ್ಪಣಿಗಳು ಬೆಳಗಾಗುವುದರೊಳಗೆ ನಮ್ಮ ಆಫೀಸಿಗೆ ಬಂದಿರುತ್ತಿದ್ದವು. ನಾವು ಕಿವಿಗೆ ಹೆಡ್‌ಫೋನ್ ಹಾಕಿ, ಪಾದದಡಿಯ ಪೆಡಲ್ ಒತ್ತಿ ಬಿಟ್ಟು, ಕೇಳಿದ್ದನ್ನು ಟೈಪ್ ಮಾಡಬೇಕು. ಇದಕ್ಕೊಂದು ನಿಯಮಗಳ ಹಾಳೆ ಇತ್ತು. ವೈದ್ಯ ಯಾವಾಗಲೂ 'ಕಂಡುಕೊಳ್ಳುತ್ತಾನೆ'. ರೋಗಿ 'ಹೇಳಿಕೊಳ್ಳುತ್ತಾನೆ' ಇಲ್ಲವೆ 'ಅಲ್ಲಗಳೆಯುತ್ತಾನೆ'. ಮನೆಯವರಿಗೆ 'ಅನಿಸುತ್ತದೆ'. ನರ್ಸ್‌ಗೆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಮೊದಲ ವಾರ ಕೇಳಿದ್ದಕ್ಕೆ ನಮ್ಮ ಸೂಪರ್‌ವೈಸರ್, ಹೈದರಾಬಾದಿನ ಹಳೇ ಪೇಟೆಯ ಹುಡುಗಿ, ನಗುತ್ತಾ, "ನರ್ಸ್ ಕೀ ಬಾತಾಂ ನಕ್ಕೋ ಬಾಜೀ, ಡಾಕ್ಟರ್ ಬೋಲಾ ಸೋ ಇಚ್ ಮಾರೋ" ಅಂದಿದ್ದಳು. ನರ್ಸಿನ ಮಾತು ಬೇಡ ಅಕ್ಕಾ, ಡಾಕ್ಟರ್ ಹೇಳಿದ್ದನ್ನಷ್ಟೇ ಹೊಡಿ, ಎಂದು. ಮೂರು ತಿಂಗಳಲ್ಲಿ ಆ ಆಫೀಸಿನಲ್ಲಿ ಅತಿ ಬೇಗ ಟೈಪ್ ಮಾಡುವವಳು ನಾನಾಗಿದ್ದೆ. ಹಾಳೆ ನೋಡುವ ಅಗತ್ಯವೇ ಇರಲಿಲ್ಲ. ನಿಯಮ ಬೆರಳಿಗೆ ಬಂದುಬಿಟ್ಟಿತ್ತು.

ಅತ್ತೆ ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿನ ಹಿಂದೆ, ಒಂದು ಮನೆಯ ಮೇಲಿನ ಪೋರ್ಷನ್‌ನಲ್ಲಿ ಒಬ್ಬರೇ ಇದ್ದರು. ಭಾನುವಾರ ಮಧ್ಯಾಹ್ನ ನಾನು ಟೇಪ್ ರೆಕಾರ್ಡರ್ ತೆಗೆದುಕೊಂಡು ಹೋಗುತ್ತಿದ್ದೆ. ಒಟ್ಟು ಹನ್ನೊಂದು ಕ್ಯಾಸೆಟ್ ಆದವು. ಎಲ್ಲದರಲ್ಲೂ ಹಿಂದೆ ಬಸ್ಸಿನವರ ಕೂಗು ಇದೆ. ಆರನೆಯ ಕ್ಯಾಸೆಟ್ಟಿನಲ್ಲಿ ಅವರು ಆ ದಿನದ ಸಂಗತಿ ಹೇಳಿದರು. ನನ್ನ ಬಳಿ ಈಗಲೂ ಅದು ಇದೆ. ಕೇಳಿಯೇ ಬರೆಯುತ್ತೇನೆ.

"ಮುಂಜಾನೆ ಒಂಬತ್ತಕ್ಕ ಟ್ರಕ್ ಬಂತು. ಇಪ್ಪತ್ತೇಳು ಮಂದಿ ಸಿಪಾಯಿಗೋಳು. ಸುಟ್ಟ ಗಾಯ ಅಂತ ಚೀಟಿ ಬರದು ಕಳಿಸಿದ್ರು. ನಾ ಇಲ್ಲಿ ಬರ್ನ್ಸ್ ವಾರ್ಡ್‌ನಾಗ ಆರು ವರ್ಷ ತೆಗದಾಕಿ. ಸ್ಟೋವ್ ಸಿಡದದ್ದು, ಸೀರಿಗೆ ಬೆಂಕಿ ಹತ್ತಿದ್ದು, ಹಚ್ಚಿದ್ದು, ಎಲ್ಲಾ ನೋಡೀನಿ. ಇವರ ಕೂದಲಾ ಒಂದೂ ಸುಟ್ಟಿರ್ಲಿಲ್ಲ. ಹುಬ್ಬು ಹಂಗ ಇದ್ದವು. ಗುಳ್ಳಿ ಎಲ್ಲಿ ಎದ್ದಿದ್ವು ಅಂದ್ರ ಕಂಕುಳಾಗ, ತೊಡಿ ಸಂದಿನಾಗ, ಸೊಂಟಾ ಬಿಗಿದಲ್ಲಿ. ಎಲ್ಲಿ ಬೆವರು ಐತಿ ಅಲ್ಲಿ. ಬೆಂಕಿ ಏನು ಕಂಕುಳಾ ಹುಡುಕ್ಕೋತ ಹೋಗ್ತದೇನ? ಮತ್ತ ವಾಸನಿ. ಬಳ್ಳೊಳ್ಳಿ ಜಜ್ಜಿ ಇಟ್ಟಂಗ. ಅವರನ್ನ ಎತ್ತಿ ಟ್ರಕ್ಕಿಗೆ ಹಾಕಿದ ಜವಾನ, ಅವಂಗ ಗಾಯಾನೇ ಇಲ್ಲ, ಅವನ ಕಣ್ಣು ಹನ್ನೊಂದಕ್ಕ ಕೆಂಪಾದ್ವು. ಹನ್ನೆರಡಕ್ಕ ನನಗ ಗೊತ್ತಾತು. ಇದು ಬೆಂಕಿ ಅಲ್ಲ, ವಿಷದ ಔಷಧ, ಬಟ್ಟ್ಯಾಗ ಇನ್ನೂ ಐತಿ, ಮುಟ್ಟಿದವರಿಗೆ ಹತ್ತತೈತಿ ಅಂತ. ಡಾಕ್ಟರಗ ಹೇಳಿದೆ. ಅಂವ ಅಂದ, ಸಿಸ್ಟರ್, ನೀನು ಟೆಂಪರೇಚರ್ ಬರಿ. ನಾಕಕ್ಕ ನಾ ಕತ್ರಿ ತಗೊಂಡು ಎಲ್ಲಾರ ಬಟ್ಟಿ ಕತ್ತರಿಸಿ ಹೊರಗ ಡ್ರಮ್ಮಿನಾಗ ಒಗಸಿ, ಸಬಕಾರ ನೀರಾಗ ಮೈ ತೊಳಿಸಿದೆ. ಮರುದಿನ ಮೆಮೋ ಬಂತು. ಸೈನ್ಯದ ಯೂನಿಫಾರ್ಮ್ ಹಾಳ ಮಾಡಿದ್ದಕ್ಕ."

ಇಲ್ಲಿ ಕ್ಯಾಸೆಟ್ಟಿನಲ್ಲಿ ನನ್ನ ನಗು ಕೇಳುತ್ತದೆ. ಆಮೇಲೆ ಒಂದು ಮೌನ. ಎಣಿಸಿದ್ದೇನೆ, ಹದಿನಾಲ್ಕು ಸೆಕೆಂಡ್. ಬಳಿಕ ನಾನು, "ಹೊರದೇಶದ ಡಾಕ್ಟರ್‌ಗಳ ತಂಡ ಯಾವಾಗ ಬಂತು ಅತ್ತಿ?" ಎಂದು ಕೇಳುತ್ತೇನೆ. ಅವರು, "ಮೂರು ವಾರ ಆದಮ್ಯಾಲ" ಅನ್ನುತ್ತಾರೆ. ನಾನು ಓದಿದ್ದ ಪುಸ್ತಕಗಳಲ್ಲೆಲ್ಲ ಆ ರಾಸಾಯನಿಕ ಅಸ್ತ್ರವನ್ನು ಗುರುತಿಸಿದ ಮೊದಲಿಗರೆಂದು ಹೇಳಿದ್ದು ಅಂಥ ತಂಡಗಳನ್ನೇ. ನನಗೆ ಬೇಕಾದದ್ದು ಸಿಕ್ಕಿತ್ತು. ಖುಷಿಯಲ್ಲಿ ಮುಂದಿನ ಪ್ರಶ್ನೆಗೆ ಹೋದೆ. ಆ ಹದಿನಾಲ್ಕು ಸೆಕೆಂಡ್ ಅತ್ತೆ ಏನಕ್ಕೆ ಕಾಯುತ್ತಿದ್ದರೆಂದು ಆಗ ನನಗೆ ಹೊಳೆಯಲಿಲ್ಲ. ಹನ್ನೆರಡಕ್ಕೆ ಗೊತ್ತಾಯಿತು, ನಾಲ್ಕಕ್ಕೆ ಕತ್ತರಿ ಹಿಡಿದರು. ನಡುವೆ ಏನಾಯಿತು ಎಂದು ಯಾರಾದರೂ ಕೇಳಬೇಕಿತ್ತು.

ಕ್ಯಾಸೆಟ್ಟುಗಳನ್ನು ನಾನು ಬೇಗಂಪೇಟೆಯ ಆಫೀಸಿನಲ್ಲೇ, ಊಟದ ಬಿಡುವಿನಲ್ಲಿ, ಅದೇ ಹೆಡ್‌ಫೋನ್ ಹಾಕಿಕೊಂಡು ಇಂಗ್ಲಿಷಿಗೆ ಇಳಿಸಿದೆ. ಬೆರಳು ತನ್ನ ಅಭ್ಯಾಸದಂತೆ ನಡೆಯಿತು. 'ನನಗೆ ಗೊತ್ತಾಯಿತು' ಎಂದಿದ್ದಲ್ಲಿ 'ಆಕೆಗೆ ಅನಿಸಿತು' ಎಂದು ಟೈಪಾಯಿತು. ಕೂದಲು, ಕಂಕುಳು, ವಾಸನೆ, ಜವಾನನ ಕಣ್ಣು, ಈ ನಾಲ್ಕನ್ನೂ ಜೋಡಿಸಿ ಅತ್ತೆ ತೀರ್ಮಾನಕ್ಕೆ ಬಂದ ಬಗೆ ಉದ್ದವಾಯಿತೆಂದು ಬಿಟ್ಟೆ. ಅಧ್ಯಾಯ ಬರೆಯುವಾಗ ನನ್ನ ಎದುರಿಗಿದ್ದದ್ದು ಆ ಟೈಪಾದ ಹಾಳೆ, ಅತ್ತೆಯ ದನಿಯಲ್ಲ. ಹೀಗೆ ಆ ವಾಕ್ಯ ಹುಟ್ಟಿತು. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು: 'ವೈದ್ಯರ ಆದೇಶಕ್ಕೆ ಮೊದಲೇ ನರ್ಸ್‌ಗಳು ಗಾಯಾಳುಗಳ ಬಟ್ಟೆ ತೆಗೆಸಿ ಮೈ ತೊಳೆಸಿದ್ದು ಶುಚಿತ್ವದ ಬಗ್ಗೆ ಹೆಣ್ಣಿಗಿರುವ ಸಹಜ ಕಾಳಜಿಯನ್ನು ತೋರಿಸುತ್ತದೆ.' ಬರೆದ ದಿನ ಇದು ನನಗೆ ಚೆಂದವಾಗಿ ಕಂಡಿತ್ತು. ಮಾರ್ಗದರ್ಶಕರು ಪಕ್ಕದಲ್ಲಿ ಟಿಕ್ ಹಾಕಿದ್ದರು.

ಐದು ಪ್ರತಿ ಬೈಂಡ್ ಮಾಡಿಸಿದೆ. ವಿಶ್ವವಿದ್ಯಾಲಯಕ್ಕೆ ನಾಲ್ಕು, ನನಗೆ ಒಂದು. ಸಲ್ಲಿಸುವ ಹಿಂದಿನ ದಿನ ನನ್ನ ಪ್ರತಿಯನ್ನು ಅತ್ತೆಗೆ ತೋರಿಸಲು ಒಯ್ದೆ. ಅವರು ಕೈತೊಳೆದುಕೊಂಡು ಬಂದು, ಕನ್ನಡಕ ಹಾಕಿ, ಕಿಟಕಿಯ ಪಕ್ಕ ಕೂತು ಮೂರನೆಯ ಅಧ್ಯಾಯ ಓದಿದರು. ಇಂಗ್ಲಿಷ್ ಅವರಿಗೆ ಚೆನ್ನಾಗಿ ಬರುತ್ತಿತ್ತು. ನಾನು ಚಹಾ ಮಾಡಿದೆ, ಕುಡಿದೆ, ಅವರದು ಆರಿತು. ಆಮೇಲೆ ಅವರು ಟೇಬಲ್ಲಿನ ಮೇಲಿದ್ದ ಪೆನ್ನು ತೆಗೆದು, ಸ್ಕೇಲ್ ಇಟ್ಟು, ಆ ವಾಕ್ಯದ ಮೇಲೆ ಒಂದೇ ಒಂದು ಗೆರೆ ಎಳೆದರು. ಪಕ್ಕದಲ್ಲಿ 'ತಪ್ಪು ನಮೂದು' ಎಂದು ಬರೆದು, ಗಡಿಯಾರ ನೋಡಿ ವೇಳೆ ಹಾಕಿ, ಸಹಿ ಮಾಡಿದರು.

ನಾನು ಎದ್ದು ನಿಂತೆ. "ಅತ್ತಿ! ಬೈಂಡ್ ಆದದ್ರಿ ಅದು!"

"ಅದಕ್ಕ ಒಂದs ಗೆರಿ ಎಳದೀನಿ. ವಾರ್ಡಿನ ಬುಕ್ಕಿನಾಗ ತಪ್ಪ ಬರದ್ರ ಅಳಸಂಗಿಲ್ಲ, ಗೀಚಂಗಿಲ್ಲ, ವೈಟ್ನರ್ ಅಂತೂ ಹಚ್ಚಂಗೇ ಇಲ್ಲ. ತಪ್ಪ ಏನಿತ್ತು ಅನ್ನೂದು ಮುಂದಿನ ಡ್ಯೂಟಿಯವರಿಗೆ ಓದಾಕ ಬರಬೇಕು. ಕೆಂಡಾ ತುಳದಾರಂಗ ಕುಣೀಬ್ಯಾಡ, ಕುಂಡ್ರು."

"ಏನ್ ತಪ್ಪಾಗೇತಿ? ಹೊಗಳೇ ಬರದೀನಲ್ರಿ."

"ಸಹಜ ಕಾಳಜಿ ಅಂದ್ರ ಏನವಾ? ಆ ಇಪ್ಪತ್ತೇಳು ಮಂದಿ ಮ್ಯಾಲ ನನಗ ಯಾವ ಕಾಳಜೀನೂ ಹುಟ್ಟಿರ್ಲಿಲ್ಲ ಆಗ. ಅಂಜಿದ್ದೆ. ಕೂದಲಾ ನೋಡಿ, ಕಣ್ಣು ನೋಡಿ, ವಾಸನಿ ಹಿಡದು ತಿಳಕೊಂಡಿದ್ದೆ. ಆಕಳ ಕರಾ ನೆಕ್ಕತೈತಲ್ಲ, ಅದಕ್ಕ ಅಂತಾರ ಸಹಜ ಕಾಳಜಿ."

ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಯಾವುದು ಮೊದಲು ಬಂತೆಂದು ಈಗ ಖಚಿತವಾಗಿ ಹೇಳಲಾರೆ. "ಒಂದು ಮಾತಿಗೆ ಇಷ್ಟ್ಯಾಕ್ರಿ? ನಿಮ್ಮ ಬಗ್ಗೆ ಕೆಟ್ಟದ್ದೇನೂ ಬಂದಿಲ್ಲ" ಅಂದೆ.

"ಅದs ತ್ರಾಸ" ಅಂದರು ಅತ್ತೆ. "ನೀ ನನ್ನನ್ನ ಏನೂ ತಿಳೀದಾಕಿ ಮಾಡೀದಿ. ತಿಳೀದಾಕಿ ತಪ್ಪರೆ ಹೆಂಗ ಮಾಡ್ತಾಳ? ನಾ ತಿಳದಾಕಿ. ನಾ ತಪ್ಪ ಮಾಡೀನಿ. ನೀ ಕೇಳ್ಲೇ ಇಲ್ಲ."

ಆಗ ಹೇಳಿದರು. ಟೇಪ್ ರೆಕಾರ್ಡರ್ ನನ್ನ ಚೀಲದಲ್ಲೇ ಇತ್ತು. ತೆಗೆಯುವ ಧೈರ್ಯವಾಗಲಿಲ್ಲ. ಹಾಗಾಗಿ ಇದು ನನ್ನ ನೆನಪಿನಿಂದ.

ಹನ್ನೆರಡಕ್ಕೆ ವೈದ್ಯನಿಗೆ ಹೇಳಿದಾಗ ಅವನು ಟೆಂಪರೇಚರ್ ಬರಿ ಎಂದಷ್ಟೇ ಹೇಳಿ ಸುಮ್ಮನಾಗಿರಲಿಲ್ಲ. ಇನ್ನೊಮ್ಮೆ ಆ ಮಾತು ಬಾಯಲ್ಲಿ ಬಂದರೆ ಮೇಲಿನವರಿಗೆ ತಿಳಿಸುತ್ತೇನೆ ಅಂದಿದ್ದ. ನರ್ಸ್‌ಗಳ ಪಾಸ್‌ಪೋರ್ಟುಗಳೆಲ್ಲ ಆಸ್ಪತ್ರೆಯ ಆಫೀಸಿನ ಬೀರುವಿನಲ್ಲಿದ್ದವು. ಅತ್ತೆ ಟೆಂಪರೇಚರ್ ಬರೆಯುತ್ತಾ ಕೂತರು. ಎರಡು ಗಂಟೆಗೆ ಬಟ್ಟೆ ಒಗೆಯುವ ಹೆಂಗಸು ಬಂದಳು. ಮೊದಲು ಬಿಚ್ಚಿಸಿದ್ದ ಐದಾರು ಜನರ ಬಟ್ಟೆ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಬಾಚಿ ಎದೆಗವಚಿಕೊಂಡು, ಮೇಲಿನ ಬಟ್ಟೆ ಜಾರದಂತೆ ಗದ್ದದಿಂದ ಒತ್ತಿ ಹಿಡಿದು, ಅತ್ತೆಯ ಟೇಬಲ್ಲಿನ ಮುಂದೆಯೇ ನಡೆದು ಹೋದಳು.

"ನೋಡಿದೆ" ಅಂದರು ಅತ್ತೆ. "ಗೊತ್ತಿತ್ತು. ಕರೀಲಿಲ್ಲ. ಪೆನ್ನು ಕೈಯಾಗ ಹಂಗ ಇತ್ತು. ನಾಕಕ್ಕ ಅಕಿ ಕಣ್ಣು ತಿಕ್ಕೋತ ಹೊಳ್ಳಿ ಬಂದ್ಲು. ಗಂಟಲಾ ಕಟ್ಟಿತ್ತು. ತೋಳಿನಾಗ ಗುಳ್ಳಿ ಎದ್ದಿದ್ವು. ಆಮ್ಯಾಲ ನಾ ಕತ್ರಿ ಹಿಡದದ್ದು. ಒಂಬತ್ತು ದಿನ ಬದುಕಿದ್ಲು."

ಕೆಳಗೆ ಬಸ್ಸಿನವನು ಊರಿನ ಹೆಸರು ಕೂಗುತ್ತಿದ್ದ. ನಾನು ಏನೋ ಸಮಾಧಾನ ಹೇಳಲು ಹೋದೆ. ನಿಮ್ಮ ತಪ್ಪೇನಿತ್ತು, ಪರಿಸ್ಥಿತಿ ಹಾಗಿತ್ತು ಎಂದೆಲ್ಲ. ಅತ್ತೆ ಕೈ ಎತ್ತಿ ತಡೆದರು. "ಹನ್ನೆರಡಕ್ಕ ನನಗ ಗೊತ್ತಾತು ಅಂತ ಬರಿ. ನಾಕರ ತನಕ ಕುಂತಿದ್ದೆ ಅಂತನೂ ಬರಿ. ಎರಡೂ ಬರದ್ರ ಬರಿ, ಇಲ್ಲಂದ್ರ ನನ್ನ ಸುದ್ದಿ ತಗದು ಹಾಕು. ಇಷ್ಟs ನಾ ಕೇಳೂದು."

ಮರುದಿನ ನಾನು ಗೆರೆಯಿಲ್ಲದ ನಾಲ್ಕು ಪ್ರತಿಗಳನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟೆ. ನನ್ನ ನೋಂದಣಿಯ ಅವಧಿ ಆ ವಾರ ಮುಗಿಯುತ್ತಿತ್ತು. ಇದು ನಿಜ. ಒಂದು ಪುಟ ಬದಲಿಸಿ ಮತ್ತೆ ಬೈಂಡ್ ಮಾಡಿಸಲು ಎರಡು ದಿನ ಸಾಕಿತ್ತು. ಇದೂ ನಿಜ.

ಮೌಖಿಕ ಪರೀಕ್ಷೆಗೆ ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ನನಗೆ ಎಲ್ಲೂ ಕೂರಲಾಗುತ್ತಿರಲಿಲ್ಲ. ಮೆಹದಿಪಟ್ಟಣಂ ಕಡೆಗೆ ಹೋಗುವ ಬಸ್ಸು ಹತ್ತುವುದು, ನಡುವೆ ಇಳಿಯುವುದು, ರಸ್ತೆಯ ಧೂಳಿನಲ್ಲಿ ನಿಂತು ಎದುರಿನ ಬಸ್ಸು ಹಿಡಿದು ಮನೆಗೆ ಬರುವುದು, ಹೀಗೆ ಎಷ್ಟೋ ಸಲ ಆಯಿತು. ಅಮ್ಮ, "ಏನು, ಕಾಲಿಗೆ ಗಾಲಿ ಕಟ್ಟೀಯೇನ?" ಅನ್ನುತ್ತಿದ್ದಳು. ಆಫೀಸಿನಲ್ಲಿ ಹೆಡ್‌ಫೋನಿನೊಳಗೆ ನರ್ಸ್‌ಗಳು ಕೇಳಿಸತೊಡಗಿದರು. ಮೊದಲೂ ಇದ್ದಿರಬೇಕು. ಒಬ್ಬ ಶಸ್ತ್ರವೈದ್ಯ ಯಾವುದೋ ಗಾಯದ ಬಗ್ಗೆ ಹೇಳುತ್ತಾ ನಡುವೆ, ಬೆಳಗಿನಿಂದ ವಾಸನೆ ಬೇರೆಯಾಗಿದೆ ಎಂದು ನರ್ಸ್ ಹೇಳುತ್ತಿದ್ದಾಳೆ ಎಂದು ಗೊಣಗಿ ಮುಂದೆ ಹೋದ. ನಾನು ಪೆಡಲ್ ಒತ್ತಿ ಹಿಂದಕ್ಕೆ ತಂದು ಮತ್ತೆ ಕೇಳಿದೆ. 'ವಾಸನೆ ಬದಲಾದದ್ದನ್ನು ನರ್ಸ್ ಕಂಡುಕೊಂಡರು' ಎಂದು ಟೈಪ್ ಮಾಡಿದೆ. ಸಂಜೆಯ ಹೊತ್ತಿಗೆ ಆ ಸಾಲು ತೆಗೆದುಹಾಕಲ್ಪಟ್ಟು, ನನ್ನ ಹೆಸರಿನ ಮುಂದೆ ಒಂದು ತಪ್ಪು ಜಮೆಯಾಗಿತ್ತು. ಸೂಪರ್‌ವೈಸರ್, "ಕ್ಯಾ ಹುವಾ ಬಾಜೀ, ತಬಿಯತ್ ಠೀಕ್ ನಹೀ?" ಅಂದಳು. ಏನಾಯ್ತು ಅಕ್ಕಾ, ಹುಷಾರಿಲ್ಲವಾ, ಎಂದು.

ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದು. ದಿನ ಯಾವುದೆಂದು ನಾನು ಅತ್ತೆಗೆ ಹೇಳಿರಲಿಲ್ಲ. ಅಪ್ಪ ಹೇಳಿದ್ದರು. ನಾನು ಒಳಗೆ ಹೋಗುವಾಗ ಅವರು ಗಂಜಿ ಹಾಕಿದ ಬಿಳಿ ಸೀರೆಯುಟ್ಟು ಕೊನೆಯ ಸಾಲಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು, ಅಷ್ಟೆ.

ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಮೆಲುದನಿಯವರು, ಮೊದಲಿನಿಂದಲೂ ನನ್ನ ಪರವಾಗಿದ್ದರು. ಮೂರನೆಯ ಅಧ್ಯಾಯ ಈ ಪ್ರಬಂಧದ ಜೀವ ಅಂದರು. ಪುಟ ತೆರೆದು, ಎಲ್ಲರಿಗೂ ಕೇಳುವಂತೆ, ಆ ವಾಕ್ಯವನ್ನೇ ಓದಿದರು. "ಇಷ್ಟು ನವಿರಾದ ಮಾತು ನಮ್ಮ ವಿಷಯದ ಬರವಣಿಗೆಯಲ್ಲಿ ಸಿಗುವುದಿಲ್ಲ" ಅಂದರು. ಮಾರ್ಗದರ್ಶಕರು ನನ್ನತ್ತ ನೋಡಿ ಮುಗುಳ್ನಕ್ಕರು. ಇಲ್ಲಿ ನಾನು 'ಥ್ಯಾಂಕ್ಯೂ ಸರ್' ಅನ್ನಬೇಕಿತ್ತು. ಅಂದೆ.

ಅವರು ಇನ್ನೊಂದು ಪುಟಕ್ಕೆ ಹೋಗಿದ್ದರು. ನಾನು, "ಸರ್, ಆ ವಾಕ್ಯ ನಿಜವಲ್ಲ" ಅಂದೆ.

ಅವರು ಕನ್ನಡಕ ತೆಗೆದರು. ನಾನು ಮೂರು ಸಂಗತಿ ಹೇಳಿದೆ. ಆ ನರ್ಸ್‌ಗೆ ಅನಿಸಿದ್ದಲ್ಲ, ಗುರುತುಗಳನ್ನು ನೋಡಿ ಆಕೆ ಅಸ್ತ್ರ ಯಾವುದೆಂದು ಹಗಲು ಹನ್ನೆರಡಕ್ಕೆ ತೀರ್ಮಾನಿಸಿದ್ದರು. ಅದನ್ನು ನಾನು ಬದಲಿಸಿ ಬರೆದೆ. ತಪ್ಪೆಂದು ತೋರಿಸಿಕೊಟ್ಟ ಮೇಲೂ ಹಾಗೆಯೇ ಸಲ್ಲಿಸಿದೆ. ಕಿಟಕಿಯ ಹೊರಗೆ ಎಲ್ಲೋ ಬಂಡೆಗೆ ಡ್ರಿಲ್ ಹಾಕುತ್ತಿದ್ದುದರಿಂದ ಎರಡು ಸಲ ಹೇಳಬೇಕಾಯಿತು.

ಪರೀಕ್ಷಕರು ಸಿಟ್ಟಾಗಲಿಲ್ಲ. ಯೋಚಿಸಿ, "ಆದರೆ ಆಕೆಯನ್ನು ಪರಿಣತೆ ಎನ್ನಲು ಆಧಾರವೇನು? ರಾಸಾಯನಿಕ ಅಸ್ತ್ರಗಳ ಬಗ್ಗೆ ಆಕೆಗೆ ತರಬೇತಿ ಇತ್ತೆ?" ಎಂದು ಕೇಳಿದರು.

ಕೊನೆಯ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಅತ್ತೆ ಎದ್ದು ನಿಂತು, "ಟ್ರೈನಿಂಗ್ ನಹೀ ಥೀ ಸಾಬ್. ಪೇಶಂಟ್ ಥೇ" ಅಂದರು. ತರಬೇತಿ ಇರಲಿಲ್ಲ, ರೋಗಿಗಳಿದ್ದರು.

ಅವರು ಯಾರೆಂದು ಎಲ್ಲರಿಗೂ ತಿಳಿಯಲು ಒಂದು ನಿಮಿಷ ಹಿಡಿಯಿತು. ಪರೀಕ್ಷಕರು ಎದ್ದು ನಮಸ್ಕರಿಸಿ, ಮುಂದಿನ ಸಾಲಿಗೆ ಕರೆದು ಕೂರಿಸಿ, ಒಂದೊಂದಾಗಿ ಕೇಳಿದರು. ಅತ್ತೆ ಹಿಂದಿಯಲ್ಲಿ, ವಾರ್ಡಿನ ವರದಿ ಒಪ್ಪಿಸುವವರಂತೆ, ವೇಳೆ ಹೇಳಿ ಸಂಗತಿ ಹೇಳಿ ನಿಲ್ಲುತ್ತಿದ್ದರು. ಕೂದಲು. ಕಂಕುಳು. ವಾಸನೆ. ಜವಾನನ ಕಣ್ಣು. ಎಲ್ಲ ಮುಗಿದ ಮೇಲೆ ಪರೀಕ್ಷಕರು, "ಒಪ್ಪಿದೆ. ಗುರುತಿಸಿದವರು ನೀವೇ ಎಂದು ತಿದ್ದಿಸುತ್ತೇವೆ" ಅಂದರು. ಅತ್ತೆ ಕೂರಲಿಲ್ಲ. ನಂತರದ ನಾಲ್ಕು ತಾಸನ್ನೂ ಬರೆಸಬೇಕು ಅಂದರು. ಆ ಹೆಂಗಸಿನ ಸಂಗತಿಯನ್ನು ಒಂದೇ ದನಿಯಲ್ಲಿ, ಯಾವ ಮಾತನ್ನೂ ಒತ್ತದೆ ಹೇಳಿದರು.

ಮಾರ್ಗದರ್ಶಕರು, "ಅಮ್ಮಾ, ಅದು ಬೇಡ. ಅದನ್ನು ಸೇರಿಸಿದರೆ ನಿಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ. ಗೊತ್ತಿದ್ದೂ ಸುಮ್ಮನಿದ್ದಳು ಅಂತ ಓದುವವರು ನಿಮ್ಮನ್ನೇ ಹಿಡಿಯುತ್ತಾರೆ" ಅಂದರು. ಒಳ್ಳೆಯದಕ್ಕೇ ಹೇಳಿದ್ದು.

"ಹಿಡೀಲಿ" ಅಂದರು ಅತ್ತೆ. ಈ ಸಲ ಕನ್ನಡದಲ್ಲಿ, ನನ್ನ ಕಡೆ ನೋಡಿ.

ಗೊತ್ತಿದ್ದೂ ತಿಂಗಳುಗಟ್ಟಲೆ ಸುಮ್ಮನಿದ್ದ ಸರ್ಕಾರಗಳ ಬಗ್ಗೆ ನಾನು ಎರಡನೆಯ ಅಧ್ಯಾಯವಿಡೀ ಬರೆದಿದ್ದೆ. ಅಲ್ಲಿ ಅದಕ್ಕೆ 'ಸಂಯಮ' ಎಂದೂ 'ನೀತಿ' ಎಂದೂ ಹೆಸರಿತ್ತು. ಒಬ್ಬರೂ ಅದರಿಂದ ಆ ಸರ್ಕಾರಗಳ ಮಾತಿನ ತೂಕ ಕಡಿಮೆಯಾಗುತ್ತದೆ ಎಂದಿರಲಿಲ್ಲ. ಇದನ್ನು ನಾನು ಅಲ್ಲಿ ಹೇಳಬಹುದಿತ್ತು. ಹೊಳೆದದ್ದು ಮನೆಗೆ ಬಂದು ಚಪ್ಪಲಿ ಬಿಡುವಾಗ.

ತೀರ್ಪು ಬಂತು: ಮೂರನೆಯ ಅಧ್ಯಾಯ ತಿದ್ದಿ ಆರು ತಿಂಗಳೊಳಗೆ ಮತ್ತೆ ಸಲ್ಲಿಸಬೇಕು. ನಾನು ಅರ್ಜಿ ಹಾಕಿದ್ದ ಉಪನ್ಯಾಸಕಿಯ ಹುದ್ದೆ ಅಷ್ಟರಲ್ಲಿ ಬೇರೆಯವರಿಗೆ ಹೋಯಿತು. ಅಮ್ಮ ಅತ್ತೆಯೊಡನೆ ಎರಡು ತಿಂಗಳು ಮಾತು ಬಿಟ್ಟಳು. ಆಮೇಲೆ ಒಂದು ದಿನ ಮೊಣಕಾಲು ನೋವೆಂದು ತಾನೇ ಫೋನ್ ಮಾಡಿದಳು.

ತಿದ್ದುವ ಕೆಲಸವನ್ನು ಅತ್ತೆಯ ಮನೆಯಲ್ಲೇ ಮಾಡಿದೆವು. ಈ ಸಲ ಅವರು ಹೇಳಿದ್ದನ್ನು ಮೊದಲು ಕನ್ನಡದಲ್ಲಿ ಹಾಗೇ ಬರೆದುಕೊಂಡು, ಓದಿ ತೋರಿಸಿ, ಆಮೇಲೆ ಇಂಗ್ಲಿಷಿಗೆ ತಂದು, ಅದನ್ನೂ ಓದಿ ತೋರಿಸಿದೆ. ಹನ್ನೆರಡು ಗಂಟೆಯದು ಸುಲಭವಾಗಿ ಮುಗಿಯಿತು. ಎರಡು ಗಂಟೆಯದಕ್ಕೆ ಬಂದಾಗ, "ಬಟ್ಟೆ ಒಗೆಯುವ ಒಬ್ಬ ಹೆಂಗಸು" ಎಂದು ಬರೆದವಳು ನಿಲ್ಲಿಸಿ ಕೇಳಿದೆ: "ಅಕಿ ಹೆಸರು ಏನಿತ್ತು ಅತ್ತಿ? ಬರಿಯೂದಿಲ್ಲ ಬಿಡ್ರಿ, ನನಗ ಗೊತ್ತಿರಲಿ ಅಂತ ಕೇಳಾಕತ್ತೀನಿ."

"ಎರಡು ವರ್ಷ ದಿನಾ ನೋಡೀನಿ" ಅಂದರು ಅತ್ತೆ. "ಚಾ ಕುಡಿಯೂವಾಗ ಎದುರಿಗೇ ಕುಂಡ್ರತಿದ್ಲು. ಎಲ್ಲಾರೂ 'ಏ ಬಾಯಿ' ಅಂತಿದ್ವಿ. ಇಲ್ಲೂ ಹಂಗs ಅಲ್ಲೂ ಹಂಗs. ಕೇಳೇ ಇರ್ಲಿಲ್ಲವಾ." ಆಮೇಲೆ, "ಆ ಡಾಕ್ಟರನ ಹೆಸರು ಗೊತ್ತೈತಿ ನೋಡು. ಅವನ ಅಪ್ಪನ ಹೆಸರೂ ಗೊತ್ತೈತಿ" ಅಂದರು.

ನಾನು ಪೆನ್ನು ಹಿಡಿದು ಕೂತೇ ಇದ್ದೆ. ಹಾಗೇ ಬಿಟ್ಟು ಮುಂದೆ ಹೋಗಲೇ ಎಂದು ಕೇಳಿದೆ.

"ಬಿಡಬ್ಯಾಡ. ಹೆಸರು ಕೇಳಿರ್ಲಿಲ್ಲ ಅಂತ ಬರಿ. ಯಾರು ಕೇಳಿರ್ಲಿಲ್ಲ ಅನ್ನೂದೂ ಬರಿ."

ಹಾಗೆಯೇ ಬರೆದೆ. ನಾನು ಸಲ್ಲಿಸಿದ ಪುಟದಲ್ಲಿ ಆ ಭಾಗ ಐದು ಸಾಲು ಇದೆ. ನಾಲ್ಕನೆಯದರಲ್ಲಿ ನರ್ಸ್‌ಗೆ ಎಲ್ಲ ಗೊತ್ತಿತ್ತು ಎಂದಿದೆ. ಐದನೆಯದರಲ್ಲಿ, ಎರಡು ವರ್ಷ ಜೊತೆಗೆ ದುಡಿದ ಆ ಹೆಂಗಸಿನ ಹೆಸರನ್ನು ನರ್ಸ್ ಕೇಳಿರಲಿಲ್ಲ ಎಂದಿದೆ.